ಎರಡು ಚೌಕಟ, ಎರಡು ಬದಾಮ

ದಿಗಂಬರನ ಬಾಳು ಹಾಳಾದದ್ದು ಎರಡು ಚೌಕಟದಿಂದ. ಹಾಗಂತ ಅವನು ಜೂಜುಗಾರನೇನಲ್ಲ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕಾರಕೂನ. ಇಸ್ಪೀಟೆಲೆ ಮುಟ್ಟಿದರೆ ಕೈ ತೊಳೆದುಕೊಳ್ಳುವ ಮನೆತನದಲ್ಲಿ ಹುಟ್ಟಿದವನು. ಆದರೆ ಹಣೆಬರಹ ನೋಡಿ, ಲೋಂಡಾದಲ್ಲಿ ಸ್ಟೇಷನ್ ಮಾಸ್ತರರಾಗಿದ್ದು ನಿವೃತ್ತರಾದ ಕೃಷ್ಣಾಜಿರಾಯರು ಬಂದು ಅವನ ಓಣಿಯಲ್ಲೇ ಮನೆ ಮಾಡಿದರು. ರಾಯರಿಗೆ ಅಲಕಾ ಎಂಬ ಮಗಳಿದ್ದಳು, ಬ್ರಿಜ್ ಎಂಬ ಹುಚ್ಚಿತ್ತು. ಮಗಳ ಮುಖ ನೋಡಬೇಕೆಂದರೆ ಹುಚ್ಚನ್ನು ದಾಟಿಯೇ ಹೋಗಬೇಕಾಗಿತ್ತು. ದಿಗಂಬರ ಬ್ರಿಜ್ ಕಲಿಯಲು ಕೂತ.

ಬ್ರಿಜ್ ನಾಲ್ವರ ಆಟ. ಎದುರುಬದುರು ಕೂತ ಇಬ್ಬರು ಒಂದು ಜೋಡಿ. ಆಟಕ್ಕೆ ಮೊದಲು ಸರದಿಯಂತೆ ಕೂಗು ಹಾಕಿ ಚೌಕಟ, ಬದಾಮ, ಇಸ್ಪೀಕ, ಕಿಲಾವರಗಳಲ್ಲಿ ಯಾವ ಬಣ್ಣ ಹುಕುಂ ಆಗಬೇಕು, ಇಲ್ಲವೇ ಹುಕುಮೇ ಇಲ್ಲದ ನೋ-ಟ್ರಂಪ್ ಇರಬೇಕು ಎಂದು ಗೊತ್ತುಮಾಡಬೇಕು; ಕೂಗಿನ ಅಂಕಿ ಏರಿದಷ್ಟೂ ಹೆಚ್ಚು ಗೆಲ್ಲುವ ಪಂಥ. ಜೋಡಿಗೆ ಎಲೆ ತೋರಿಸುವಂತಿಲ್ಲ, ಕಣ್ಣು ಹೊಡೆಯುವಂತಿಲ್ಲ. ಹೇಳುವುದನ್ನೆಲ್ಲ ಕೂಗಿನಲ್ಲೇ ಹೇಳಬೇಕು. ಅದಕ್ಕೆಂದೇ ರಾಯರು ಒಂದು ಕಟ್ಟಳೆ ಕಲಿಸಿದ್ದರು.

"ನೀ 'ಒಂದು ನೋ-ಟ್ರಂಪ್' ಅಂದಿ ಅಂದ್ರ ನಿನ್ನ ಕೈ ಗಟ್ಟಿ ಅದ ಅಂತ ನನಗ ಗೊತ್ತಾತು. ಆಮ್ಯಾಲೆ ನಾ 'ಎರಡು ಚೌಕಟ' ಅಂತೀನಿ. ನನ್ನ ಹತ್ರ ಚೌಕಟ ಅದ ಅಂತ ತಿಳೀಬ್ಯಾಡ. ಇರೂದು ಬದಾಮ. ನೀ ಸುಮ್ನ 'ಎರಡು ಬದಾಮ' ಅನ್ನಬೇಕು."

"ನೀವ ಸೀದಾ ಬದಾಮ ಅಂದ್ರ ಏನಾಗ್ತದ್ರಿ ಕಾಕಾ?"

"ಏ ಖೋಡಿ! ನಾ ಮೊದಲ ಅಂದ್ರ ಆಟ ನಾ ಆಡಬೇಕು, ನಿನ್ನ ಗಟ್ಟಿ ಕೈ ಮೇಜಿನ ಮ್ಯಾಲ ಬಿಚ್ಚಿ ಇಡಬೇಕು. ಕಂಡಕಂಡವರು ನೋಡ್ತಾರ. ನೀ ಅಂದ್ರ ನನ್ನ ಬಡವ ಕೈ ಬಿಚ್ಚತದ, ನಿಂದು ಮುಚ್ಚಿರತದ. ಇದಕ್ಕ ಟ್ರಾನ್ಸ್‌ಫರ್ ಅಂತಾರ. ಯಾಕ, ಏನು ಕೇಳಬ್ಯಾಡ. ಒಪ್ಪಿಕೊಳ್ಳೂದು ನಿನ್ನ ಧರ್ಮ. ಬದಾಮ ನಾಕಿದ್ದು ಕೈ ಭರ್ತಿ ಗಟ್ಟಿ ಇದ್ರ ಮಾತ್ರ ಹಾರಿ 'ಮೂರು ಬದಾಮ' ಅನ್ನು. ತಿಳೀತೇನು?"

ತಿಳಿಯಿತು ಎಂದು ದಿಗಂಬರ ತಲೆಯಾಡಿಸಿದ್ದ. ರಾಯರ ಹಳೆಯ ಜೋಡಿ ಪುಣೆ ಸೇರಿದ ಮೇಲೆ ಅವನೇ ಕಾಯಂ ಜೋಡಿಯಾದ. ಬೆಳಗಾವಿಯ ಟೂರ್ನಮೆಂಟಿನಲ್ಲಿ ಕಪ್ ಗೆದ್ದ ದಿನವೇ ಅಲಕಾಳನ್ನು ಕೊಡಿ ಎಂದು ಕೇಳಿಬಿಡಬೇಕು, ಕಾಕಾನನ್ನು ಮಾವನನ್ನಾಗಿ ಮಾಡಿಕೊಳ್ಳಬೇಕು ಎಂಬುದೊಂದೇ ಅವನ ಆಸೆ. ಮೂವತ್ತು ದಾಟಿದ ಬಡಪಾಯಿಗೆ ಬೇರೆ ಆಸೆಗಳೆಲ್ಲ ಆಗಲೇ ಉದುರಿಹೋಗಿದ್ದವು.

ಎಂಬತ್ತೆರಡರ ಆಷಾಢದ ಒಂದು ಭಾನುವಾರ ಆ ಟೂರ್ನಮೆಂಟು. ಸೂತಕದ ಮನೆಯಂಥ ಮೋಡ. ದಿಗಂಬರ ರಾಯರನ್ನು ಕರೆಯಲು ಹೋದಾಗ ಅಲಕಾ ಬಾಗಿಲಿಗೆ ಬಂದಳು. ಒಳಗೊಮ್ಮೆ ನೋಡಿ, ದನಿ ಇಳಿಸಿ ಹೇಳಿದಳು:

"ಇವತ್ತರೇ ಅಪ್ಪ ಬೈದ್ರ ತಿರುಗಿ ಒಂದು ಮಾತಾಡ್ರಿ. ಒಂದ ಒಂದು. ನನ್ನ ಸಲುವಾಗಿ."

ಇಷ್ಟು ಹೇಳಿ ಓಡಿದಳು. ದಿಗಂಬರನಿಗೆ ರೋಮಾಂಚನವಾಯಿತು, ಅರ್ಥವಾಗಲಿಲ್ಲ. ಅರ್ಥ ಹೇಳುವುದಕ್ಕೆ ಬಾಜೂ ಮನೆಯ ಬಸಲಿಂಗಪ್ಪ ಇದ್ದೇ ಇದ್ದ. ಬೆಳಗಾವಿಯಲ್ಲಿ ಚಪ್ಪಲಿ ಕೊಳ್ಳಬೇಕೆಂಬ ನೆವ ಮಾಡಿಕೊಂಡು ಅವನೂ ರೈಲು ಹತ್ತಿದ್ದ. ರಾಯರು ಕಿಟಕಿಯ ಬಳಿ ತೂಕಡಿಸುತ್ತಿದ್ದಾಗ ದಿಗಂಬರ ಅವನ ಕಿವಿಯಲ್ಲಿ ವಿಷಯ ಉಸುರಿದ.

"ಎದುರು ಮಾತಾಡತೀರಾ? ಹುಚ್ಚ ಹಿಡದೈತೇನ್ರಿ ನಿಮಗ?" ಎಂದ ಬಸಲಿಂಗಪ್ಪ. "ಮೂರು ಮಂದಿ ಹೆಣ್ಮಕ್ಕಳನ್ನ ಕೊಟ್ಟಾಂವ ನಾ. ಹೆಣ್ಣಿನ ಅಪ್ಪ ನೋಡೂದು ಒಂದ: ಹುಡುಗ ಸೌಮ್ಯ ಅದಾನಿಲ್ಲೋ. ಚಪ್ಪಲಿ ತಗೊಂಡು ಹೊಡದ್ರೂ ತಗ್ಗಿ ನಿಂದರ್ರಿ. ಹುಡುಗಿ ಮಾತು ಕೇಳಾಕ ಮದಿವಿ ಆದಮ್ಯಾಲೆ ಜನ್ಮ ಪೂರಾ ಐತಿ."

ಮೂವರು ಅಳಿಯಂದಿರನ್ನು ಗೆದ್ದವನ ಮಾತು. ದಿಗಂಬರ ಅದನ್ನೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡ.

ಟಿಳಕವಾಡಿಯ ಒಂದು ಕ್ಲಬ್ಬಿನ ಹಾಲ್‌ನಲ್ಲಿ ಆಟ ಶುರುವಾಯಿತು. ಬಸಲಿಂಗಪ್ಪ ಚಪ್ಪಲಿಯ ಮಾತು ಮರೆತು ದಿಗಂಬರನ ಹಿಂದೆ ಕುರ್ಚಿ ಹಾಕಿಕೊಂಡ. ರಾಯರ ಹಿಂದೆ ಗರಿಗರಿ ಸಫಾರಿ ತೊಟ್ಟ ತರುಣನೊಬ್ಬ ಬಂದು ಕೂತ. ಹೆಸರು ಮಧುಕರ, ಬ್ಯಾಂಕಿನವನು ಎಂದಷ್ಟೇ ರಾಯರು ಪರಿಚಯ ಮಾಡಿಸಿದರು.

ಮೊದಲನೇ ಆಟದಲ್ಲೇ ದಿಗಂಬರನಿಗೆ ಗಟ್ಟಿ ಕೈ. "ಒಂದು ನೋ-ಟ್ರಂಪ್" ಎಂದ. ರಾಯರು "ಎರಡು ಚೌಕಟ" ಎಂದರು. ದಿಗಂಬರ ತನ್ನ ಎಲೆ ನೋಡಿದ, ಒಳ್ಳೆಯ ಚೌಕಟಗಳಿದ್ದವು. ಕಾಕಾನಿಗೂ ಚೌಕಟ, ನನಗೂ ಚೌಕಟ, ಇನ್ನೇನು ಬೇಕು ಎಂದು ನೆಮ್ಮದಿಯಿಂದ "ಪಾಸ್" ಎಂದುಬಿಟ್ಟ.

ರಾಯರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅವರ ಕೈಯಲ್ಲಿ ಇದ್ದದ್ದು ಒಂದೇ ಒಂದು ಚೌಕಟ. ಆಟ ಅವರ ಕೊರಳಿಗೇ ಬಿತ್ತು, ದಿಗಂಬರನ ಗಟ್ಟಿ ಕೈ ಮೇಜಿನ ಮೇಲೆ ಊರ ಮಂದಿಗೆಲ್ಲ ಬಿಚ್ಚಿಕೊಂಡಿತು, ಆಟ ಮುಳುಗಿತು.

"ಏ ಕ್ವಾಣ! ಎರಡು ವರ್ಷ ನಿನಗ ಕಲಿಸೋ ಬದಲಿ ಒಂದು ಎಮ್ಮೀಗೆ ಕಲಿಸಿದ್ರ ಹಾಲರೇ ಕೊಡತಿತ್ತು!" ಹಾಲ್ ಪೂರ್ತಿ ತಿರುಗಿ ನೋಡಿತು.

ದಿಗಂಬರನ ನಾಲಗೆಯ ತುದಿಗೆ ಒಂದು ಮಾತು ಬಂತು. ಹಿಂದಿನಿಂದ ಬಸಲಿಂಗಪ್ಪ ಚಿವುಟಿದ. ಮಾತು ಒಳಗೆ ಹೋಯಿತು. "ತಪ್ಪಾತ್ರಿ ಕಾಕಾ," ಎಂದ.

ಅಷ್ಟರಲ್ಲಿ ಮಧುಕರ ಬಗ್ಗಿ ಕೇಳಿದ, "ಎಕ್ಕಾ ದೊಡ್ಡದೋ, ರಾಜಾ ದೊಡ್ಡದೋ?"

ಸಿಡಿಲು ಬೀಳುತ್ತದೆ ಎಂದು ದಿಗಂಬರ ಕಣ್ಣು ಮುಚ್ಚಿದ. "ಎಕ್ಕಾರೀ. ಭಾಳ ಛಲೋ ಪ್ರಶ್ನೆ ಕೇಳಿದ್ರಿ ನೋಡ್ರಿ," ಎಂದರು ರಾಯರು, ಬಾಯಲ್ಲಿ ಪೇಡೆ ಇಟ್ಟುಕೊಂಡವರಂತೆ.

ಪಾಸ್ ಎಂದು ಕೆಟ್ಟ ದಿಗಂಬರ ಇನ್ನು ಮರೆಯುವುದಿಲ್ಲ ಎಂದು ಆಣೆ ಮಾಡಿ ಮನಸ್ಸಿನಲ್ಲೇ "ಎರಡು ಬದಾಮ, ಎರಡು ಬದಾಮ" ಎಂದು ಜಪಿಸತೊಡಗಿದ. ಮತ್ತೊಮ್ಮೆ ಅವನು ನೋ-ಟ್ರಂಪ್ ಕೂಗಿದ. ನಡುವೆ ಕೂತ ಎದುರಾಳಿ ಇನ್ನೂ ಯೋಚಿಸುತ್ತಿದ್ದ. ರಾಯರು ಕೆಮ್ಮಿದರು.

"ಎರಡು ಬದಾಮ!" ಎಂದ ದಿಗಂಬರ.

ಹಾಲ್ ಗೊಳ್ಳೆಂದಿತು. ನಿರ್ಣಾಯಕರು ಬಂದು, ಸರದಿ ತಪ್ಪಿ ಕೂಗಿದ ದಂಡಕ್ಕೆ ಆ ಆಟದಲ್ಲಿ ರಾಯರು ಕೂಗುವಂತೆಯೇ ಇಲ್ಲ ಎಂದು ಅವರ ಬಾಯಿ ಕಟ್ಟಿಸಿದರು. ಅದೂ ಮುಳುಗಿತು. ಬಾಯಿ ಬಿಚ್ಚಿದ ಕೂಡಲೇ ರಾಯರು ದಿಗಂಬರನ ಏಳು ತಲೆಮಾರು ಎತ್ತಿ ಆಡಿದರು. ದಿಗಂಬರ ತಗ್ಗಿದ. ಚಹಾದ ಬಿಡುವಿನಲ್ಲಿ ಕಪ್ಪಿನೊಳಗೆ ಮುಖ ಮರೆಸಿಕೊಂಡು ಅತ್ತೇಬಿಟ್ಟ.

"ಅಂವಗ 'ರೀ', ನನಗ 'ಕ್ವಾಣ'! ನನ್ನ ಕಥಿ ಮುಗೀತ್ರಿ ಬಸಲಿಂಗಪ್ಪ."

"ಯಾಕ ಅಳತೀರಿ? ಹೊರಗಿನವರಿಗೆ ಮರ್ಯಾದಿ, ಮನಿ ಮಂದಿಗೆ ಬೈಗಳ. ಖರೇ ಹೇಳತೀನಿ, ನೀವು ಮನಿಯವರಾದ್ರಿ!"

ಹೌದಲ್ಲ ಎನ್ನಿಸಿತು ದಿಗಂಬರನಿಗೆ. ಆಮೇಲೆ ಪ್ರತಿ ಬೈಗುಳವನ್ನೂ ಅಕ್ಷತೆಯಂತೆ ತಲೆಯ ಮೇಲೆ ಹಾಕಿಸಿಕೊಂಡ. ಹೆದರಿಕೆ ಹೋಗಿ ಕೈ ಚುರುಕಾಯಿತು. ಆಟಗಳು ಒಂದೊಂದಾಗಿ ಗೆಲ್ಲತೊಡಗಿದವು.

ಕೊನೆಯ ಆಟ. ಗೆದ್ದರೆ ಕಪ್. ದಿಗಂಬರ "ಒಂದು ನೋ-ಟ್ರಂಪ್" ಎಂದ. ರಾಯರು "ಎರಡು ಚೌಕಟ" ಎಂದರು. ದಿಗಂಬರನ ಕೈಯಲ್ಲಿ ನಾಲ್ಕು ಬದಾಮ, ಕೈ ಭರ್ತಿ ಗಟ್ಟಿ. ಕಟ್ಟಳೆ ನೆನಪಾಯಿತು. ಅಲಕಾಳೂ ನೆನಪಾದಳು. ಕಣ್ಣು ಮುಚ್ಚಿ ಹಾರಿದ: "ಮೂರು ಬದಾಮ!"

ರಾಯರು ಅವನನ್ನೇ ಒಂದು ಗಳಿಗೆ ದಿಟ್ಟಿಸಿ "ನಾಕು ಬದಾಮ" ಎಂದರು. ಇವೇ ಎಲೆಗಳನ್ನು ಹಿಡಿದ ಬೇರೆ ಮೇಜಿನವರೆಲ್ಲ ಎರಡಕ್ಕೇ ನಿಂತಿದ್ದ ಆಟವನ್ನು ದಿಗಂಬರ ನಾಲ್ಕರಲ್ಲಿ ಗೆದ್ದ. ರಾಯರು ಎದ್ದು ಬಂದು ಅವನನ್ನು ಅಪ್ಪಿಕೊಂಡರು. "ಗೆದ್ದಿ ಖೋಡಿ, ಗೆದ್ದಿ!" ಎನ್ನುವಾಗ ಅವರ ಕಣ್ಣಲ್ಲಿ ನೀರಿತ್ತು.

ಸ್ಟೇಷನ್ನಿಗೆ ಬರುವಾಗ ರಾಯರು ದುಡ್ಡು ಕೊಟ್ಟು ಕುಂದಾ ತರಿಸಿದರು. "ಮನ್ಯಾಗ ಒಂದು ಶುಭ ಸುದ್ದಿ ಹೇಳೂದದ," ಎಂದರು. ಬಸಲಿಂಗಪ್ಪ ಮೊಣಕೈಯಿಂದ ತಿವಿದ. ಖಾನಾಪುರದ ತನಕ ದಿಗಂಬರ ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಕುಂದಾ ಹಿಡಿದು ನಿಂತೇ ಬಂದ. ಮಧುಕರನೂ ಅದೇ ರೈಲು ಹತ್ತಿದ್ದ; ಕಿಟಕಿಯ ಜಾಗ ರಾಯರು ಅವನಿಗೆ ಬಿಟ್ಟುಕೊಟ್ಟಿದ್ದರು. ನಂದಗಡದ ಕಡೆ ನೆಂಟರಿರಬೇಕು ಎಂದುಕೊಂಡ ದಿಗಂಬರ.

ಮನೆಯಲ್ಲಿ ರಾಯರ ಹೆಂಡತಿ ಕಾಶೀಬಾಯಿ ಆರತಿ ಹಿಡಿದು ನಿಂತಿದ್ದರು. ಕಾಲಿಗೆ ನೀರು ಬಂತು, ಮಧುಕರನಿಗೆ. ರಾಯರು ಕುಂದಾದ ಡಬ್ಬಿ ಬಿಚ್ಚಿದರು.

"ಕಾಶೀ, ನಿಶ್ಚಯ ಮಾಡಿದೆ. ನಮ್ಮ ಅಲಕಾನ್ನ ಮಧುಕರರಾಯರಿಗೆ ಕೊಡೂದು."

ಬಸಲಿಂಗಪ್ಪನ ಬಾಯಿ ತೆರೆದಂತೆಯೇ ಉಳಿಯಿತು.

"ನಿನಗ ಮುಚ್ಚಿಡಲ್ಲೋ ದಿಗಂಬರ," ಎಂದರು ರಾಯರು ಅವನ ಹೆಗಲ ಮೇಲೆ ಕೈಯಿಟ್ಟು. "ಮುಂಜಾನಿ ತನಕಾ ನಿನ್ನ ಹೆಸರೂ ನನ್ನ ಮನಸಿನಾಗಿತ್ತು. ಇವತ್ತು ನಿನ್ನ ನೋಡಿದೆ. ಬಾಯಿಗೆ ಬಂದಂಗ ಬೈದೆ, ತಿರುಗಿ ಒಂದು ಮಾತಾಡಲಿಲ್ಲ ನೀ. ಇಂಥಾ ಪಾರ್ಟ್ನರ್ ಮತ್ತ ಸಿಗತಾನೇನು? ನಿನ್ನ ಅಳಿಯನ್ನ ಮಾಡಕೊಂಡೆ ಅಂದ್ರ 'ಬರ್ರಿ, ಕೂಡ್ರಿ' ಅನ್ನಬೇಕು. ಅಳಿಯಗ ಖೋಡಿ ಅನ್ಲಿಕ್ಕೆ ಬರತದೇನು? ಅಂದೆ ಅಂದ್ರ ಅಂವ ದೀಪಾವಳಿಗೆ ಮಗಳನ್ನ ತವರಿಗೆ ಕಳಿಸಾಂಗಿಲ್ಲ! ಅಳಿಯಂದ್ರು ನೂರು ಮಂದಿ ಸಿಗತಾರಪ್ಪಾ. ಬೈಸಿಕೊಳ್ಳೋ ಜೋಡಿ ಎಲ್ಲಿ ತರಲಿ?"

ಅಡಿಗೆಮನೆಯ ಬಾಗಿಲಲ್ಲಿ ಅಲಕಾ ನಿಂತಿದ್ದಳು. ಅವನನ್ನೇ ನೋಡುತ್ತಿದ್ದಳು. ಮುಂಜಾನೆಯ ಮಾತು ಈಗ ದಿಗಂಬರನಿಗೆ ಅರ್ಥವಾಯಿತು. ಇನ್ನೂ ಹೊತ್ತು ಮೀರಿಲ್ಲ, ಒಂದು ಮಾತು, ಒಂದೇ ಒಂದು! ಅವನು ಕಪ್ಪನ್ನು ಠಣ್ಣನೆ ನೆಲಕ್ಕಿಟ್ಟ.

"ಕಾಕಾ! ನೀವು ಮಾಡಿದ್ದು ತಪ್ಪು!"

ಅಲಕಾಳ ಮುಖ ಅರಳಿತು. ರಾಯರು ಕನ್ನಡಕ ಸರಿಮಾಡಿಕೊಂಡು, ಹುಬ್ಬು ಗಂಟಿಕ್ಕಿ ಅವನನ್ನು ನೋಡಿದರು.

"ತಪ್ಪ? ಯಾವ ಆಟದಾಗೋ?"

ದಿಗಂಬರ ಬಾಯಿ ತೆರೆದ. ಎರಡು ವರ್ಷದ ರೂಢಿ ಮಾತನ್ನು ತಿರುಗಿಸಿಬಿಟ್ಟಿತು.

"ಅದ... ಊಟಕ್ಕಿಂತ ಮೊದಲಿಂದು... ಇಸ್ಪೀಕ ರಾಣಿ ಇಳಿಸಿದ್ರೆಲ್ರಿ..." ಎಂದ.

"ಏ ಹುಚ್ಚ ಖೋಡಿ! ರಾಣಿ ಇಳಸದ ಏನು ನಿನ್ನ ತಲಿ ಇಳಸಲೇನು? ಕೂಡು ಇಲ್ಲೆ! ತಾ ಆ ಎಲಿ!" ರಾಯರು ಚಾಪೆ ಹಾಸಿದರು. ಅಲಕಾ ಒಳಗೆ ಹೋದಳು. ಮಧುಕರ ಕುಂದಾ ಬಾಯಿಗಿಟ್ಟುಕೊಂಡು, ರಾಣಿ ದೊಡ್ಡದೋ ಗುಲಾಮ ದೊಡ್ಡವನೋ ಎಂದು ಕೇಳಿದ. ರಾಣಿರೀ ಎಂದರು ರಾಯರು ಅಕ್ಕರೆಯಿಂದ.

ಬಸಲಿಂಗಪ್ಪನನ್ನೂ ಮಧುಕರನನ್ನೂ ಎದುರಾಳಿಗಳಾಗಿ ಕೂರಿಸಿ ಎಲೆ ಹಂಚಿಯಾಯಿತು. ದಿಗಂಬರ ಒಂದು ನೋ-ಟ್ರಂಪ್ ಕೂಗಿದ್ದ.

"ಎರಡು ಚೌಕಟ," ಎಂದರು ರಾಯರು.

"ಎರಡು ಬದಾಮ," ಎಂದ ದಿಗಂಬರ.