ಗಾಳಿ ಹಿಡಿಯುವ ಪೆಟ್ಟಿಗೆ

ಗಾಳಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಅಳೆಯುವವನ ಪಾಡೂ ಯಾರಿಗೂ ಕಾಣುವುದಿಲ್ಲ. ಚಾಮರಾಜನಗರದ ಕಡೆ ಕಾರ್ಖಾನೆಗಳ ಸುತ್ತ ಪೆಟ್ಟಿಗೆಯಂಥ ಮಿಷನ್ನು ಇಟ್ಟು, ಬಣ್ಣ, ತಿನ್ನರ್, ಅಂಟುಗಳಿಂದ ಆವಿಯಾಗಿ ಗಾಳಿಗೆ ಸೇರುವ ರಾಸಾಯನಿಕಗಳನ್ನು ಅಳೆಯುವುದು ನನ್ನ ಕೆಲಸ. ಪೆಟ್ಟಿಗೆ ಇಟ್ಟ ಕಡೆಯೆಲ್ಲ ಒಂದಲ್ಲ ಒಂದು ಪಜೀತಿ. ಒಂದೇ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ, ಕೇಳಿ.

೧. ನೆಂಟರ ಮರ್ಯಾದೆ

ಕಾರ್ಖಾನೆಯ ಕಾಂಪೌಂಡಿನ ಪಕ್ಕದಲ್ಲೇ ಒಬ್ಬ ಅಕ್ಕನ ಮನೆ. ಸಂಜೆಯಾದರೆ ಕಾರ್ಖಾನೆಯ ವಾಸನೆಗೆ ಮೂಗು ಬಿಡುವಂತಿಲ್ಲ. ಭೀಮನಬೀಡಿಗೆ ಕೊಟ್ಟ ಮಗಳು ಚೊಚ್ಚಲ ಬಸುರಿ. "ಆ ವಾಸ್ನೆಗೆ ನಮ್ ಸೊಸೇನ ಕಳ್ಸಕಿಲ್ಲ" ಎಂದು ಬೀಗರು ಪಟ್ಟು ಹಿಡಿದಿದ್ದರು. ಅಳತೆ ಕೈಗೆ ಸಿಕ್ಕರೆ ಕಾರ್ಖಾನೆಯನ್ನು ಕೇಳಬಹುದು ಎಂದು ಅಕ್ಕ ನಮ್ಮನ್ನು ಕರೆಸಿದ್ದರು.

ನಾಳೆ ಬಂದು ತಾರಸಿ ಮೇಲೆ ಪೆಟ್ಟಿಗೆ ಇಡುತ್ತೇವೆ ಎಂದು ಹೇಳಿ ಬಂದೆ. ಮರುದಿನ ಹೋದರೆ ಬಾಗಿಲು, ಕಿಟಕಿ, ತಾರಸಿಯ ಕಂಬಿ, ಎಲ್ಲಕ್ಕೂ ಹೊಸ ಆಯಿಲ್ ಪೇಂಟು! ಕಾರ್ಖಾನೆಗಿಂತ ಮನೆಯೇ ಜೋರಾಗಿ ನಾರುತ್ತಿತ್ತು.

"ಏನಕ್ಕಾ ಇದು?"

"ಆಪೀಸಿನೋರು ಬತ್ತರೆ ಅಂದ್ಮೇಲೆ ಮನೆ ಎಂಗಂದ್ರಂಗೆ ಮಡೀಕಂಡಿರಕಾಯ್ತದಾ ಸಾ? ನಿಮ್ಗೂ ಮಾನ, ನಮ್ಗೂ ಮಾನ!"

೨. ಶುಕ್ರವಾರ

ಬಣ್ಣದ ವಾಸನೆ ಹೋದ ಮೇಲೆ ಮತ್ತೆ ಹೋದೆ. ಪೆಟ್ಟಿಗೆ ಚಾಲೂ ಮಾಡಿ, ಟೀ ಕುಡಿದು ಬರುವಷ್ಟರಲ್ಲಿ ಅದಕ್ಕೆ ಅರಿಶಿನ ಕುಂಕುಮ, ಮೇಲೊಂದು ಹೂವು, ಸುತ್ತ ಸಾಂಬ್ರಾಣಿ ಹೊಗೆ, ಮುಂದೆ ಕರ್ಪೂರದಾರತಿ. ಪೆಟ್ಟಿಗೆ ಅಷ್ಟನ್ನೂ ಒಳಗೆಳೆದುಕೊಳ್ಳುತ್ತಿತ್ತು. ತಲೆ ಚಚ್ಚಿಕೊಂಡೆ.

"ಬೈಬ್ಯಾಡಿ ಸಾ. ನಮ್ ಮಗ್ಳು ಬರದೂ ಬುಡದೂ ಇದ್ರ ಕೈಲದೆ. ಕೈ ಮುಗೀದೆ ಇರಕಾಯ್ತದಾ?"

ನನ್ನ ಕೋಪ ಇಳಿಯಿತು; ಅಳತೆ ಮಾತ್ರ ಇಳಿಯಲಿಲ್ಲ.

೩. ಊಟಿ ಗಾಳಿ

ಮೂರನೆಯ ಸಲ ಅಕ್ಕ ಒಲೆಯನ್ನೂ ಹಚ್ಚದೆ ತಂಗಳು ತಿಂದು ಕೂತರು. ಅಷ್ಟರಲ್ಲಿ ಮೇಲಿನಿಂದ ಹೊಸ ಅಪ್ಪಣೆ: ಅಳೆಯುವ ಮುಂಚೆ ಕಾರ್ಖಾನೆಗೆ ತಿಳಿಸಬೇಕಂತೆ! ಪೊಲೀಸರು ಬರುವ ಹೊತ್ತನ್ನು ಕಳ್ಳನಿಗೆ ಹೇಳಿ ಹೋದ ಹಾಗೆ. ಅವತ್ತು ಕಾರ್ಖಾನೆ ಪೂರ್ತಿ ಗಪ್‌ಚಿಪ್. ಮ್ಯಾನೇಜರು ಎಳನೀರು ಕೈಗಿಟ್ಟು, "ಉಸಿರೆಳ್ಕೊಳ್ಳಿ ಸರ್, ಊಟಿ ಥರ ಇಲ್ವಾ?" ಎಂದರು. ನನಗೆ ಮೈಯೆಲ್ಲ ಉರಿಯಿತು.

ಕೊನೆಗೆ ನನ್ನ ಮೂರೂ ಸಲದ ವರದಿ ನೋಡಿ ನಮ್ಮ ಮೇಲಿನವರು ಬರೆದದ್ದೇನು ಗೊತ್ತೆ? ಕಾರ್ಖಾನೆಯ ಗಾಳಿ ಶುದ್ಧವಾಗಿದೆ. ವಾಸನೆ ಆ ಮನೆಯದೇ. ಮನೆಯವರು ಬಣ್ಣ, ಧೂಪ ಕಡಿಮೆ ಮಾಡಿಕೊಳ್ಳತಕ್ಕದ್ದು! ಇಂಥ ನ್ಯಾಯಕ್ಕೆ ಏನೆನ್ನಬೇಕು?

೪. ಕಾವಲು

ಮುಖ ತೋರಿಸಲು ನಾಚಿಕೆಯಾದರೂ ಹೋಗಿ ಹೇಳಿದೆ. ಅಕ್ಕ, "ಪೆಟ್ಗೆ ಮಡಗ್ತೀವಿ ಅಂದ್ರೆ ಅವ್ರು ವಾಸ್ನೆ ಬುಡಕಿಲ್ಲ ಅಲ್ವಾ ಸಾ? ಅಂಗಾರೆ ಪೆಟ್ಗೆ ಇಲ್ಲೇ ಇರ್ಲಿ ಬುಡಿ" ಎಂದರು.

ಕೆಟ್ಟು ಮೂಲೆ ಸೇರಿದ್ದ ಒಂದು ಮಿಷನ್ನಿನ ಖಾಲಿ ಪೆಟ್ಟಿಗೆ ತಂದು, ಕಾಂಪೌಂಡಿನಾಚೆಗೆ ಕಾಣುವ ಹಾಗೆ ತಾರಸಿ ಮೇಲೆ ಇಟ್ಟೆ. ಅದೇ ಸಂಜೆ ವಾಸನೆ ನಿಂತಿತು! ಗಾಳಿ ಶುದ್ಧ ಮಾಡುವ ಫಿಲ್ಟರು ಮೊದಲಿನಿಂದ ಅವರಲ್ಲೇ ಇತ್ತಂತೆ, ಕರೆಂಟು ಉಳಿಸಲು ಆರಿಸಿಟ್ಟಿದ್ದರಂತೆ. ಬೀಗರು ಬಂದು, ಮನೆ ಸುತ್ತ ಮೂಸಿ ನೋಡಿ, ಮಗಳನ್ನು ಬಿಟ್ಟು ಹೋದರು.

ತೊಟ್ಟಿಲು ಕಟ್ಟಿದ ವಾರವೇ ಮ್ಯಾನೇಜರ ಫೋನು. "ಫಿಲ್ಟರು ಓಡಿಸಿ ಓಡಿಸಿ ಸಾಕಾಯ್ತು ಸರ್. ನಿಮ್ಮ ಅಳತೆ ಮುಗಿಯೋದು ಯಾವಾಗ?"

"ಬಾಣಂತನ ಮುಗೀಲಿ ಸರ್" ಎಂದೆ.