ಮನೆಸಂತನ ಹಬ್ಬದ ಊಟದ ಮೇಜಿನಲ್ಲಿ ಎಳೆಯ ಆಟಗಾರರನ್ನು ಸೆಳೆಯುವ ಕುರಿತು

ಹೊರಡಿಸಿದ ದಿನ ಮತ್ತು ವೇಳೆ: 2023ರ ಮಾರ್ಚ್ 20, ಸೋಮವಾರ, ಬೆಳಿಗ್ಗೆ 11 ಗಂಟೆ 40 ನಿಮಿಷ
ಸಂಖ್ಯೆ: ಎಫ್‌ಸ/ಎಳೆ/ನೀತಿ/36/2023
ಜಿಲ್ಲಾ ಎಳೆಯರ ಫುಟ್‌ಬಾಲ್ ಸಮಿತಿಯ ಕಚೇರಿ, ಬನಾತ್ ಬಯಲು, ಸರ್ಬಿಯ

ವಿಷಯ: ಹನ್ನೆರಡು ವರ್ಷದೊಳಗಿನ ಆಟಗಾರರನ್ನು ಬೇರೆ ಕ್ಲಬ್ಬಿಗೆ ಸೆಳೆಯುವಾಗ ಸಂತರನ್ನು ದುರುಪಯೋಗಪಡಿಸಿಕೊಳ್ಳದಿರುವ ಬಗ್ಗೆ.

ಉಲ್ಲೇಖ:
(ಅ) ಸೊವಿನಾಟ್ಸ್ ಕ್ಲಬ್ಬಿನ ವಿರುದ್ಧ ದುದಾರಾ ಕ್ಲಬ್ಬಿನ ದೂರು.
(ಆ) ದುದಾರಾ ಕ್ಲಬ್ಬಿನ ವಿರುದ್ಧ ಸೊವಿನಾಟ್ಸ್ ಕ್ಲಬ್ಬಿನ ದೂರು. (ಹೆಸರುಗಳನ್ನು ಅದಲುಬದಲು ಮಾಡಿ ಓದಿದಲ್ಲಿ ಎರಡೂ ಒಂದೇ.)
(ಇ) ಆಟಗಾರನ ಅಜ್ಜಿ ಶ್ರೀಮತಿ ಸ್ತಾನೊಯ್ಕಾ ಅವರ ಮೌಖಿಕ ಹೇಳಿಕೆ, ಬೈಗುಳ ಕಳೆದು ಉಳಿದದ್ದು.

ಪೀಠಿಕೆ

ಕಳೆದ ನವೆಂಬರ್ 8ರಂದು ದುದಾರಾ ಗ್ರಾಮದ ರೆಲ್ಯಾ ಎಂಬ ಹತ್ತು ವರ್ಷದ ಎಡಗಾಲಿನ ಆಟಗಾರನ ಮನೆಯಲ್ಲಿ, ಆ ಮನೆತನವನ್ನು ಕಾಯುವ ಸಂತ ದಿಮಿತ್ರಿಯ ಹಬ್ಬ ನಡೆದಿರುತ್ತದೆ. ಮನೆಸಂತನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿ ನಮ್ಮಲ್ಲಿ ಇರುವುದಿಲ್ಲ. ಬಂದವರನ್ನು ಕಳಿಸುವ ಪದ್ಧತಿಯೂ ಇರುವುದಿಲ್ಲ. ಈ ಎರಡರ ನಡುವಿನ ಸಂದಿಯಲ್ಲಿ ಸೊವಿನಾಟ್ಸ್ ಕ್ಲಬ್ಬಿನ ತರಬೇತುದಾರ ಶ್ರೀ ತಿಹೊಮಿರ್ ಅವರು ಒಳಗೆ ಬಂದು ಕುಳಿತಿರುತ್ತಾರೆ. ಅವರ ಕೈಚೀಲದಲ್ಲಿ ಒಂದು ಬಾಟಲಿ ವೈನ್ ಮತ್ತು ಒಂದು ಜೊತೆ ಹೊಸ ಬೂಟು ಇದ್ದುದು ಕಂಡುಬಂದಿದೆ.

ಸುದ್ದಿ ತಿಳಿದು ದುದಾರಾ ಕ್ಲಬ್ಬಿನ ತರಬೇತುದಾರ ಶ್ರೀ ಗ್ವೊಝ್ದೆನ್ ಅವರೂ ಬಂದು ಎದುರು ಕುರ್ಚಿ ಹಿಡಿದಿರುತ್ತಾರೆ. ಆಗ ನಡೆದ ಮಾತುಗಳನ್ನು ಮೂವರು ಅಕ್ಕಪಕ್ಕದವರ ಸಾಕ್ಷ್ಯದಂತೆ ಇಲ್ಲಿ ದಾಖಲಿಸಲಾಗಿದೆ.

ಶ್ರೀ ತಿಹೊಮಿರ್: “ನಾನು ಸಂತನಿಗೆ ಕೈಮುಗಿಯೋಕೆ ಬಂದೋನು. ಬೂಟು ಚೀಲದಲ್ಲಿ ಮೊದಲೇ ಇತ್ತು.”

ಶ್ರೀ ಗ್ವೊಝ್ದೆನ್: “ಹೌದಾ? ನಿಮ್ಮ ಸಂತ ಮೂವತ್ತಾರನೇ ನಂಬರು ಹಾಕ್ತಾನೇನಯ್ಯಾ?”

ಶ್ರೀಮತಿ ಸ್ತಾನೊಯ್ಕಾ: “ನೋಡ್ರಪ್ಪಾ, ಸಾರ್ಮಾ ತಿನ್ನೋಕೆ ಬಂದಿದ್ರೆ ಕೂತ್ಕೊಂಡು ತಿನ್ನಿ. ಮಗೂನ ತಿನ್ನೋಕೆ ಬಂದಿದ್ರೆ ಮುಂದಿನ ಮನೆ ನೋಡ್ಕೊಳ್ಳಿ.”

ಇಬ್ಬರೂ ಸಾರ್ಮಾ, ಅಂದರೆ ಹುಳಿ ಎಲೆಕೋಸಿನಲ್ಲಿ ಸುತ್ತಿ ಬೇಯಿಸಿದ ಮಾಂಸ, ತಿಂದಿರುತ್ತಾರೆ. ತಾನು ಮೊದಲು ಎದ್ದರೆ ಇನ್ನೊಬ್ಬರು ಹುಡುಗನ ತಂದೆಯೊಡನೆ ಒಂಟಿಯಾಗಿ ಉಳಿಯುತ್ತಾರೆಂಬ ಕಾರಣಕ್ಕೆ, ಮರುದಿನ ಬೇಕರಿ ತೆರೆಯುವವರೆಗೂ ಇಬ್ಬರೂ ಎದ್ದು ಹೋಗಿರುವುದಿಲ್ಲ. ಮೇಜು ಖಾಲಿಯಾಗದ ಕಾರಣ ಮನೆಯವರು ಬೆಳಗಿನ ಕಾಫಿಯನ್ನು ನಿಂತು ಕುಡಿದಿರುತ್ತಾರೆ. ಇಂತಹ ಪ್ರಕರಣಗಳು ಮರುಕಳಿಸದಿರಲು ಈ ಕೆಳಗಿನಂತೆ ವಿಧಿಸಲಾಗಿದೆ.

ವಿಧಿಗಳು

1. ಒಳಬರುವ ಅತಿಥಿ ಬೇಯಿಸಿದ ಸಿಹಿಗೋಧಿಯನ್ನು ಒಂದು ಚಮಚ ಸ್ವೀಕರಿಸುವುದು ವಾಡಿಕೆ. ತರಬೇತುದಾರರೂ ಒಂದೇ ಚಮಚ ಸ್ವೀಕರಿಸತಕ್ಕದ್ದು. ಎರಡನೆಯ ಚಮಚವನ್ನು ಭಕ್ತಿಯೆಂದು ಪರಿಗಣಿಸಲಾಗುವುದಿಲ್ಲ, ಕಾಲಹರಣವೆಂದು ಪರಿಗಣಿಸಲಾಗುವುದು.

2. ನೆಂಟರಲ್ಲದ ಅತಿಥಿಯು ಮನೆಯ ಮಗುವಿನ ಎಡಗಾಲನ್ನು ಸತತವಾಗಿ ಐದು ಸೆಕೆಂಡಿಗಿಂತ ಹೆಚ್ಚು ಕಾಲ ನೋಡಿದಲ್ಲಿ ಆತನನ್ನು ಆಟಗಾರರನ್ನು ಹುಡುಕಲು ಬಂದವನೆಂದು ತಿಳಿಯತಕ್ಕದ್ದು. ಬಲಗಾಲನ್ನು ನೋಡಲು ಅಡ್ಡಿಯಿಲ್ಲ. ಸದರಿ ರೆಲ್ಯಾನ ಬಲಗಾಲಿನ ಮೇಲೆ ಯಾವ ಕ್ಲಬ್ಬೂ ಹಕ್ಕು ಸಾಧಿಸಿರುವುದಿಲ್ಲ.

3. ಉಡುಗೊರೆಯಾಗಿ ಕಾಫಿಪುಡಿ ಅಥವಾ ವೈನ್ ತರಬಹುದು. ಅಳತೆಯ ನಂಬರು ಇರುವ ಯಾವ ವಸ್ತುವನ್ನೂ ತರತಕ್ಕದ್ದಲ್ಲ. ಟೋಪಿಯ ವಿಷಯ ಪರಿಶೀಲನೆಯಲ್ಲಿದೆ.

4. ಸಾರ್ಮಾ ಬೇಡವೆಂದರೆ ಮನೆಗೆ ಅವಮಾನ, ತಿಂದರೆ ಮನೆಯ ಋಣ. ಎರಡನ್ನೂ ತೂಗಿ ನೋಡಿ, ತಲಾ ನಾಲ್ಕರ ಮಿತಿ ಹಾಕಲಾಗಿದೆ. ಐದನೆಯದನ್ನು ತಿಂದವರು ಆ ಮನೆಯ ಮಗುವಿನ ಬಗ್ಗೆ ಒಂದು ಋತುವಿನವರೆಗೆ ಬಾಯಿ ತೆರೆಯುವ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಹುಳಿ ಎಲೆಕೋಸು ಬಿಚ್ಚಿಹೋಗಿ ಒಳಗಿನ ಮಾಂಸ ಮಾತ್ರ ಉಳಿದಲ್ಲಿ ಅದನ್ನು ಅರ್ಧವೆಂದು ಎಣಿಸತಕ್ಕದ್ದು.

5. ಹಬ್ಬದ ರೊಟ್ಟಿ ಮುರಿಯುವ ಮೊದಲೇ ಶ್ರೀ ಗ್ವೊಝ್ದೆನ್ ಅವರು, ರೆಲ್ಯಾನ ಎಂಟು ತಿಂಗಳ ತಂಗಿಯ ಜ್ಞಾನಸ್ನಾನಕ್ಕೆ ತಾನೇ ಕೂಮ್, ಅಂದರೆ ಧರ್ಮತಂದೆ, ಆಗುವುದಾಗಿ ಎದ್ದು ನಿಂತು ಸಾರಿರುತ್ತಾರೆ. ಕೂಮನಾಗುತ್ತೇನೆಂದು ಬಂದವರಿಗೆ ಇಲ್ಲವೆನ್ನುವಂತಿಲ್ಲ ಎಂಬುದು ಸರ್ವವಿದಿತ. ಧರ್ಮತಂದೆಯ ಕ್ಲಬ್ಬು ಬಿಟ್ಟು ಮಗನನ್ನು ಬೇರೆಡೆ ಆಡಿಸುವ ತಂದೆ ಈ ಬಯಲಿನಲ್ಲಿ ಇನ್ನೂ ಹುಟ್ಟಿರುವುದಿಲ್ಲ. ಇದನ್ನು ಕೇಳಿದ ಶ್ರೀ ತಿಹೊಮಿರ್ ಅವರು “ಇನ್ನೊಂದು ಮಗು ಆಗೋದಿದ್ರೆ ಅದಕ್ಕೆ ನಾನು” ಎಂದಿದ್ದು, ಹುಡುಗನ ತಾಯಿ ಅಡುಗೆಮನೆಗೆ ಎದ್ದು ಹೋಗಿರುತ್ತಾರೆ. ಆದ್ದರಿಂದ ಧರ್ಮತಂದೆಯಾಗಲು ಇಚ್ಛಿಸುವ ತರಬೇತುದಾರರು ಆಟದ ಋತು ಮುಗಿದ ಮೇಲೆ ಮಾತ್ರ ಅದನ್ನು ಸೂಚಿಸತಕ್ಕದ್ದು. ಹುಟ್ಟದ ಮಕ್ಕಳನ್ನು ಕಾಯ್ದಿರಿಸತಕ್ಕದ್ದಲ್ಲ.

6. ಏಕಕಾಲದಲ್ಲಿ ಹಾಜರಿರುವ ಇಬ್ಬರು ತರಬೇತುದಾರರು ಏಕಕಾಲದಲ್ಲಿಯೇ ಹೊರನಡೆಯತಕ್ಕದ್ದು. ಬಾಗಿಲು ಕಿರಿದಾಗಿದ್ದಲ್ಲಿ ಅಡ್ಡಡ್ಡವಾಗಿ, ಮುಖಾಮುಖಿಯಾಗಿ, ಉಸಿರು ಬಿಗಿಹಿಡಿದು ದಾಟತಕ್ಕದ್ದು.

7. ಅಜ್ಜಿಯಂದಿರಿಗೆ ಸಂಬಂಧಿಸಿದಂತೆ ಯಾವ ವಿಧಿಯನ್ನೂ ರೂಪಿಸಲಾಗಿಲ್ಲ. ಪ್ರಯತ್ನಿಸಲಾಗಿತ್ತು.

8. ಆಟಗಾರನ ಇಚ್ಛೆಯನ್ನು ಕೇಳಲಾಗಿದೆಯೇ ಎಂದು ಸಮಿತಿಯ ಕಿರಿಯ ಸದಸ್ಯರೊಬ್ಬರು ಪ್ರಶ್ನಿಸಿರುತ್ತಾರೆ. ನಮೂನೆಯಲ್ಲಿ ಆ ಕಾಲಂ ಇಲ್ಲದ ಕಾರಣ ಕೇಳಲಾಗಿರುವುದಿಲ್ಲ. ಸದಸ್ಯರನ್ನು ಪಿಚ್ಚಿನ ಹುಲ್ಲು ಉಪಸಮಿತಿಗೆ ವರ್ಗಾಯಿಸಲಾಗಿದೆ.

9. ಎರಡೂ ದೂರುಗಳು ಇತ್ಯರ್ಥವಾಗುವವರೆಗೆ ರೆಲ್ಯಾನ ನೋಂದಣಿ ಚೀಟಿಯನ್ನು ಕಚೇರಿಯ ಮೇಜಿನೊಳಗಿಟ್ಟು ಬೀಗ ಹಾಕಲಾಗಿದೆ. ಆದಕಾರಣ ಆತ ಯಾವ ಕ್ಲಬ್ಬಿನ ಪರವಾಗಿಯೂ ಆಡುವಂತಿಲ್ಲ. ಮೊದಲ ಕೆಲವು ಶನಿವಾರ ಆತ ಬೂಟಿನ ದಾರ ಕಟ್ಟಿಕೊಂಡೇ ಬೇಲಿಯ ಹೊರಗೆ ನಿಂತಿದ್ದನೆಂದೂ, ನಂತರ ಬರುವುದನ್ನು ನಿಲ್ಲಿಸಿದನೆಂದೂ ವರದಿಯಾಗಿದೆ. ಬೇಲಿಯ ಹೊರಗೆ ನಿಲ್ಲುವುದನ್ನು ಸಮಿತಿ ನಿಷೇಧಿಸಿರಲಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

10. ಮಾರ್ಚ್ 11ರ ದುದಾರಾ–ಸೊವಿನಾಟ್ಸ್ ಪಂದ್ಯಕ್ಕೆ ಒಂದು ಕಡೆಯಿಂದ ನಾಲ್ವರು, ಇನ್ನೊಂದು ಕಡೆಯಿಂದ ಮೂವರು ಮಾತ್ರ ಹಾಜರಾಗಿದ್ದರಿಂದ ಪಂದ್ಯ ರದ್ದಾಗಿರುತ್ತದೆ. ಉಳಿದವರನ್ನು ಹುಡುಕಲು ಹೋದ ಸಮಿತಿಯ ಪರಿವೀಕ್ಷಕರಿಗೆ, ಎರಡೂ ಊರಿನ ಮಕ್ಕಳು ಹಳೆಯ ಹಿಟ್ಟಿನ ಗಿರಣಿಯ ಹಿಂದೆ ಎರಡು ಹಿಪ್ಪುನೇರಳೆ ಮರಗಳನ್ನೇ ಗೋಲು ಮಾಡಿಕೊಂಡು ರೆಲ್ಯಾನೊಂದಿಗೆ ಆಡುತ್ತಿದ್ದುದು ಕಂಡುಬಂದಿದೆ. ಪರಿವೀಕ್ಷಕರ ವರದಿಯ ಭಾಗ:

“ನೀನು ಯಾವ ಕಡೆಯೋನು ಮಗೂ ಎಂದು ರೆಲ್ಯಾನನ್ನು ಕೇಳಲಾಯಿತು. ‘ಮೊದಲು ಬಂದೋರು ಆ ಕಡೆ, ಆಮೇಲೆ ಬಂದೋರು ಈ ಕಡೆ. ನಾನು ಇವತ್ತು ಚೆಂಡು ತರೋಕೆ ಹೋಗಿ ತಡವಾಯ್ತು, ಅದಕ್ಕೆ ಈ ಕಡೆ’ ಎಂದು ಉತ್ತರಿಸಿದನು. ತರಬೇತುದಾರರು ಯಾರು ಎಂದು ಕೇಳಲಾಯಿತು. ‘ಸುಮ್ನೆ ನಿಂತಿದ್ದೀರಲ್ಲ ಮಾಮ, ಗೋಲಿಗೆ ನಿಲ್ಲಿ’ ಎಂದು ಹೇಳಲಾಯಿತು. ನಿಲ್ಲಲಾಯಿತು. ಆರು ಗೋಲು ಬಿಡಲಾಯಿತು. ಅವುಗಳಲ್ಲಿ ಒಂದು ಬಲಗಾಲಿನದು.”

11. ಸದರಿ ಮರಗಳ ನಡುವೆ ಕ್ಲಬ್ಬು ಇರುವುದಿಲ್ಲ, ಚೀಟಿ ಇರುವುದಿಲ್ಲ, ಸೆಳೆಯಲು ಯಾರೂ ಬಂದಿರುವುದಿಲ್ಲ. ಆದ್ದರಿಂದ ಅಲ್ಲಿ ನಡೆಯುತ್ತಿರುವುದು ಈ ಸಮಿತಿಯ ಅರ್ಥದಲ್ಲಿ ಫುಟ್‌ಬಾಲ್ ಅಲ್ಲವೆಂದು ತೀರ್ಮಾನಿಸಲಾಗಿದೆ. ಫುಟ್‌ಬಾಲ್ ಅಲ್ಲದ್ದನ್ನು ಆಡಲು ರೆಲ್ಯಾನಿಗೆ ಯಾರ ಅನುಮತಿಯೂ ಬೇಕಿರುವುದಿಲ್ಲ. ತರಬೇತುದಾರರು ಮರಗಳು ಕಾಣುವಷ್ಟು ಹತ್ತಿರ ಹೋಗತಕ್ಕದ್ದಲ್ಲ. ಪರಿವೀಕ್ಷಕರು ಶನಿವಾರಗಳಂದು ಹೋಗಬಹುದು. ಪ್ರಯಾಣಭತ್ಯೆ ಇರುವುದಿಲ್ಲ, ಕೇಳಿರುವುದೂ ಇಲ್ಲ.

ಸಹಿ/-
ಮಿಲೆಂಟಿಯೆ ಪೆಯ್ಚಿನ್
ಕಾರ್ಯದರ್ಶಿ

(ಸಹಿದಾರರ ಮನೆಸಂತನ ಹಬ್ಬ ಮೇ 6ರಂದು ಬರುತ್ತದೆ. ಇದನ್ನು ಆಹ್ವಾನವೆಂದು ಭಾವಿಸತಕ್ಕದ್ದಲ್ಲ. ಬಂದಲ್ಲಿ ಕಳಿಸಲಾಗುವುದಿಲ್ಲ.)

ಪ್ರತಿಗಳು:
– ಶ್ರೀ ಗ್ವೊಝ್ದೆನ್ ಮತ್ತು ಶ್ರೀ ತಿಹೊಮಿರ್ ಅವರಿಗೆ, ಏಕಕಾಲದಲ್ಲಿ ತಲುಪುವಂತೆ.
– ದುದಾರಾ ಚರ್ಚಿನ ಪಾದ್ರಿಯವರಿಗೆ, ಸಂತ ದಿಮಿತ್ರಿಯವರ ಅವಗಾಹನೆಗಾಗಿ.
– ಶ್ರೀಮತಿ ಸ್ತಾನೊಯ್ಕಾ ಅವರಿಗೆ. (ಅಂಚೆಯವರು ಗೇಟಿನ ಹೊರಗಿನಿಂದಲೇ ಕೊಡತಕ್ಕದ್ದು.)
– ಮೂವತ್ತಾರನೇ ನಂಬರಿನ ಬೂಟಿನೊಂದಿಗೆ ಕಡತಕ್ಕೆ. ಆಟಗಾರನ ಕಾಲು ಈಗ ಮೂವತ್ತೆಂಟಾಗಿರುವುದರಿಂದ ಹಿಂದಿರುಗಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.
– ಗಿರಣಿಯ ಹಿಂದಿನ ಎಡಗಡೆಯ ಹಿಪ್ಪುನೇರಳೆ ಮರಕ್ಕೆ, ಮೊಳೆ ಹೊಡೆಯದೆ ದಾರದಿಂದ ಕಟ್ಟತಕ್ಕದ್ದು. ಅಲ್ಲಿಂದ ಬಲಗಡೆಯ ಮರಕ್ಕೆ ಇರುವ ಅಂತರ, ಪರಿವೀಕ್ಷಕರು ಟೇಪು ಹಿಡಿದು ಅಳೆದಂತೆ, 2 ಮೀಟರ್ 87 ಸೆಂಟಿಮೀಟರ್.