ಮೈನಸ್ ಇಪ್ಪತ್ತೆರಡರಲ್ಲಿ ಬೇಸ್‌ಬಾಲ್

ಹುಚ್ಚು ಹಿಡಿಸಿಕೊಳ್ಳುವುದಕ್ಕೂ ಒಂದು ವಯಸ್ಸು ಅಂತ ಇರುತ್ತದೆ ಎಂದು ನಾನು ತುಂಬಾ ದಿನ ನಂಬಿದ್ದೆ. ಹದಿನೆಂಟಕ್ಕೆ ಸಿನಿಮಾ, ಇಪ್ಪತ್ತೈದಕ್ಕೆ ಸೀರೆ, ಮೂವತ್ತೈದಕ್ಕೆ ಮಕ್ಕಳ ಮಾರ್ಕ್ಸು, ನಲವತ್ತೈದು ದಾಟಿದ ಮೇಲೆ ರಾತ್ರಿ ಮೆಂತ್ಯ ನೆನೆಹಾಕಿ ಬೆಳಿಗ್ಗೆ ಕುಡಿಯುವುದು. ಇದಿಷ್ಟನ್ನೂ ನಾನು ತಪ್ಪದೆ ಪಾಲಿಸಿಕೊಂಡು ಬಂದವಳು. ಅಂಥವಳಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ, ದುಬೈ ಶಹರದಲ್ಲಿ, ಜುಲೈ ತಿಂಗಳ ನಡುಮಧ್ಯಾಹ್ನ, ಎರಡು ಸ್ವೆಟರು, ಅದರ ಮೇಲೊಂದು ಹತ್ತಿ ತುಂಬಿದ ಕೋಟು ಹಾಕಿಕೊಂಡು ನಿಂತಿದ್ದಾಗ ಬೇಸ್‌ಬಾಲ್ ಹುಚ್ಚು ಹಿಡಿಯಿತು ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಮನೆಯವರೂ ನಂಬಲಿಲ್ಲ.

ಮೊದಲು ಆ ಸ್ವೆಟರಿನ ವಿಷಯ ಹೇಳಿಬಿಡುತ್ತೇನೆ. ಜೆಬೆಲ್ ಅಲಿಯ ಒಂದು ಶೀತಲ ಗೋದಾಮಿನಲ್ಲಿ ನಾನು ಗುಣಮಟ್ಟ ಪರೀಕ್ಷಕಿ. ಬಟಾಣಿ, ಪರೋಟ, ಕೋಳಿ, ಮೀನು, ಐಸ್‌ಕ್ರೀಮು ಎಲ್ಲವೂ ಅಲ್ಲಿ ಕಲ್ಲಾಗಿ ಮಲಗಿರುತ್ತವೆ. ಒಳಗೆ ಮೈನಸ್ ಇಪ್ಪತ್ತೆರಡು ಡಿಗ್ರಿ, ಹೊರಗೆ ನಲವತ್ತೇಳು. ಬೇಸಿಗೆಯಲ್ಲಿ ಬಾಗಿಲು ತೆರೆದಾಗಲೆಲ್ಲ ಹೊರಗಿನ ತೇವದ ಗಾಳಿ ಒಳನುಗ್ಗಿ, ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿ, ಮಾಡಿನಿಂದ ಬೆಳ್ಳಗೆ ಉದುರುತ್ತದೆ. ಹಿಮ! ಜನ ಹಿಮ ನೋಡಲು ಟಿಕೆಟ್ ತೆಗೆದುಕೊಂಡು ಎಲ್ಲೆಲ್ಲಿಗೋ ಹೋಗುತ್ತಾರೆ. ಅಲ್ ಕುಸೈಸ್‌ನ ನನ್ನ ಫ್ಲ್ಯಾಟಿನಿಂದ ಕಂಪನಿ ಬಸ್ಸಿನಲ್ಲಿ ಆಕಳಿಸುತ್ತಾ ಹೋದರೆ ನನಗೆ ದಿನವೂ ಹಿಮ. ಅದು ನೆಲದ ಮೇಲೆ ಬಿದ್ದರೆ ಜಾರುತ್ತದೆ, ಆದ್ದರಿಂದ ಕೂಡಲೇ ಕೆರೆದು ತೆಗೆಸಬೇಕು, ಯಾರಾದರೂ ಅದರಲ್ಲಿ ಆಟವಾಡಿದರೆ ಎಚ್ಚರಿಕೆ ಪತ್ರ ಬರೆಯಬೇಕು. ಆ ಪತ್ರ ಬರೆಯುವ ಅಧಿಕಾರಿ ನಾನೇ. ಹನ್ನೊಂದು ವರ್ಷದಿಂದ ಬರೆಯುತ್ತಾ ಬಂದಿದ್ದೇನೆ.

ಜೂನ್ ತಿಂಗಳಲ್ಲಿ ನಮಗೆ ಹೊಸ ಮ್ಯಾನೇಜರು ಬಂದ. ಹೆಸರು ಡೇಲ್, ಅಮೆರಿಕದ ಉತ್ತರದ ಯಾವುದೋ ಚಳಿ ರಾಜ್ಯದವನು, ಆರಡಿ ಎತ್ತರ, ಕೆಂಪು ಮುಖ. ಬಂದ ಮೊದಲ ದಿನವೇ ಫ್ರೀಜರಿನೊಳಗೆ ಹೋಗಿ, ಉದುರುವ ಹಿಮಕ್ಕೆ ಮುಖವೊಡ್ಡಿ, ತವರಿಗೆ ಬಂದ ಮಗಳ ಹಾಗೆ ಕಣ್ಣು ತುಂಬಿಕೊಂಡು ನಿಂತುಬಿಟ್ಟ. ಅವನ ಊರಲ್ಲಿ ನವೆಂಬರಿನಿಂದ ಮಾರ್ಚಿ ತನಕ ಮೊಣಕಾಲುದ್ದ ಹಿಮವಂತೆ. ಆ ಐದು ತಿಂಗಳು ಜನ ಮಾಡುವ ಕೆಲಸ ಒಂದೇ: ಬೇಸ್‌ಬಾಲ್ ಯಾವಾಗ ಶುರುವಾಗುತ್ತದೆ ಎಂದು ಕಾಯುವುದು. ಕಿಟಕಿ ಪಕ್ಕ ಕೂತು ಚರ್ಮದ ಗ್ಲೌಸಿಗೆ ಎಣ್ಣೆ ತಿಕ್ಕುವುದು, ಹೋದ ವರ್ಷದ ಪಂದ್ಯಗಳ ಬಗ್ಗೆ ಜಗಳವಾಡುವುದು, ಮತ್ತೆ ಎಣ್ಣೆ ತಿಕ್ಕುವುದು. "ಇಲ್ಲಿ ಎಲ್ಲ ತಲೆಕೆಳಗು," ಎಂದ. "ಇಲ್ಲಿ ಬೇಸಿಗೆ ಕಳೆಯಲಿ ಎಂದು ಕಾಯಬೇಕು. ಆದರೆ ಕಾಯುವಾಗ ಸುತ್ತ ಹಿಮ ಇದೆಯಲ್ಲ, ಅಷ್ಟು ಸಾಕು." ಮಾರನೆಯ ದಿನ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಬಿತ್ತು. ನವೆಂಬರಿನಲ್ಲಿ ಗೋದಾಮುಗಳ ನಡುವೆ ಬೇಸ್‌ಬಾಲ್ ಪಂದ್ಯಾವಳಿ ಇದೆ, ನಮ್ಮದೂ ಒಂದು ತಂಡ ಬೇಕು, ನಿಯಮದ ಪ್ರಕಾರ ತಂಡದಲ್ಲಿ ಇಬ್ಬರಾದರೂ ಹೆಂಗಸರಿರಬೇಕು.

ಗಂಡಸರು ದಂಡಿಯಾಗಿ ಹೆಸರು ಕೊಟ್ಟರು. ಎಲ್ಲರೂ ಕ್ರಿಕೆಟ್ಟಿನವರೇ. ಹೆಂಗಸರಲ್ಲಿ ಲೇಬಲ್ ಅಂಟಿಸುವ ವಿಭಾಗದ ಗ್ರೇಸ್ ಒಬ್ಬಳೇ. ಮನಿಲಾದ ಕಡೆಯವಳು, ಸ್ಕೂಲಿನಲ್ಲಿ ಆಡಿದ್ದಳಂತೆ. ನಾನು ಆ ಹಾಳೆಯ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಹಣೆಬರಹ ನೋಡಿ. ಒಂದು ಮಧ್ಯಾಹ್ನ ಫ್ರೀಜರಿನಲ್ಲಿ ಒಬ್ಬಳೇ ತಾಪಮಾನ ಬರೆದುಕೊಳ್ಳುತ್ತಿದ್ದೆ. ಕಾಲಬಳಿ ಹಿಮ ಗುಡ್ಡೆಯಾಗಿ ಬಿದ್ದಿತ್ತು, ಅಷ್ಟು ಹೊಸದು, ಅಷ್ಟು ಮೆತ್ತಗೆ. ಹನ್ನೊಂದು ವರ್ಷ ಬೇರೆಯವರಿಗೆ ಬೇಡ ಬೇಡ ಎಂದ ಕೈ ತಾನಾಗಿ ಬಗ್ಗಿತು. ಒಂದು ಉಂಡೆ ಕಟ್ಟಿದೆ. ದೂರದ ಗೋಡೆಯ ಮೇಲೆ 'ಸಾಲು ಹದಿನಾಲ್ಕು' ಎಂದು ದೊಡ್ಡದಾಗಿ ಬರೆದಿತ್ತು. ಎಸೆದೆ. ಉಂಡೆ ಹೋಗಿ ಅಂಕಿಯ ಮೇಲೆಯೇ ಪಟ್ಟೆಂದು ಕೂತಿತು! ಇನ್ನೊಂದು ಎಸೆದೆ. ಅದೂ ಅಲ್ಲಿಗೇ! ಮೈಸೂರಿನಲ್ಲಿ ಕಾಲೇಜು ಓದುವಾಗ ನಾನು ಮೂರು ವರ್ಷ ಥ್ರೋಬಾಲ್ ತಂಡದಲ್ಲಿದ್ದವಳು ಎಂಬುದು ನನಗೇ ಮರೆತುಹೋಗಿತ್ತು. ಬಲಗೈ ಮಾತ್ರ ಮರೆತಿರಲಿಲ್ಲ. ಮೂರನೆಯ ಉಂಡೆ ಕಟ್ಟಿ ತಿರುಗುತ್ತೇನೆ, ಬಾಗಿಲಲ್ಲಿ ಡೇಲ್, ಅವನ ಹಿಂದೆ ರವಾನೆ ವಿಭಾಗದ ಮೇಲ್ವಿಚಾರಕ ಇಸ್ಮಾಯಿಲ್ ಸಾಹೇಬರು! ಭಟ್ಕಳದವರು, ನನ್ನ ಹಳೆಯ ಸಹೋದ್ಯೋಗಿ, ನನ್ನಿಂದ ಇದೇ ತಪ್ಪಿಗೆ ಎರಡು ಸಲ ಎಚ್ಚರಿಕೆ ಪತ್ರ ತಗೊಂಡವರು.

"ಯಾ ಅಲ್ಲಾ! ಇದೆಂತ ಮೇಡಂ?" ಎಂದರು ಇಸ್ಮಾಯಿಲ್ ಸಾಹೇಬರು, ಪರಮಾನಂದದಿಂದ.

ನನ್ನ ಕೆಲಸ ಖಲಾಸ್ ಎಂದುಕೊಂಡೆ. ನನಗೆ ನಾನೇ ಪತ್ರ ಬರೆದುಕೊಳ್ಳಬೇಕಾದರೆ 'ಮಾನ್ಯ ಮೇಡಂ' ಎನ್ನಬೇಕೋ ಬೇಡವೋ ಎಂದೂ ಯೋಚನೆ ಬಂತು. ಡೇಲ್ ಮಾತ್ರ ಗೋಡೆಯ ಹತ್ತಿರ ಹೋಗಿ ಆ ಎರಡು ಬಿಳಿ ಗುರುತುಗಳನ್ನು ಬೆರಳಿನಿಂದ ಅಳೆದು, "ಇನ್ನೊಮ್ಮೆ ಎಸೆ," ಎಂದ. ಎಸೆದೆ. ಅವನು ಟೋಪಿ ತೆಗೆದ. "ಇಷ್ಟು ವರ್ಷ ನೀನು ಎಲ್ಲಿದ್ದೆ?" ಎಂದು ಕೇಳಿದ. "ಇಲ್ಲೇ, ಬಟಾಣಿ ಪಕ್ಕ," ಎಂದೆ. ಹೀಗೆ ನಾನು ತಂಡದ ಪಿಚ್ಚರ್ ಆದೆ. ಚೆಂಡು ಎಸೆಯುವವರಿಗೆ ಹಾಗೆ ಹೆಸರು.

ಅಲ್ಲಿಂದ ಮುಂದಿನ ನಾಲ್ಕು ತಿಂಗಳು ನಾನು ನೆಲದ ಮೇಲಿರಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಲಾರಿ ತುಂಬುವ ಹಜಾರದಲ್ಲಿ ನಮ್ಮ ಅಭ್ಯಾಸ. ಅಲ್ಲಿ ನಾಲ್ಕೇ ಡಿಗ್ರಿ, ಫ್ರೀಜರಿನಿಂದ ಬಂದವರಿಗೆ ಅದು ಮೈಸೂರಿನ ಸಂಜೆಯಷ್ಟು ಹಿತ. ಎಲ್ಲರೂ ಕೋಟು ಹಾಕಿಕೊಂಡು ಕರಡಿಗಳ ಹಾಗೆ ಓಡುತ್ತಿದ್ದೆವು. ದೊಡ್ಡ ಪೀಕಲಾಟ ಇಸ್ಮಾಯಿಲ್ ಸಾಹೇಬರದು. ಬೇಸ್‌ಬಾಲಿನಲ್ಲಿ ಚೆಂಡಿಗೆ ಹೊಡೆದ ಮೇಲೆ ಬ್ಯಾಟನ್ನು ಅಲ್ಲೇ ಬಿಸಾಡಿ ಓಡಬೇಕು. ಇವರು ಭಟ್ಕಳದ ಮೈದಾನದಲ್ಲಿ ಕ್ರಿಕೆಟ್ ಆಡಿ ಬೆಳೆದವರು. ಬ್ಯಾಟ್ ಹಿಡಿದುಕೊಂಡೇ ಓಡಿ, ಕೊನೆಗೆ ಬಗ್ಗಿ, ಓಡಿ ತಲುಪಬೇಕಾದ ಬೇಸ್ ಎಂಬ ಚೌಕದ ಮೇಲೆ ಅದರ ತುದಿ ಮುಟ್ಟಿಸುತ್ತಿದ್ದರು. ಡೇಲ್ "ಬಿಡು, ಬಿಡು!" ಎಂದು ಕಿರುಚುತ್ತಿದ್ದ. "ಬ್ಯಾಟ್ ಬಿಟ್ಟು ಓಡೂದು ಹೇಗೆ ಮೇಡಂ? ಲುಂಗಿ ಬಿಟ್ಟು ಓಡಿದ ಹಾಗೆ ಆಗ್ತದೆ," ಎಂದು ಅವರು ನನ್ನ ಹತ್ತಿರ ಗೋಳಾಡಿಕೊಳ್ಳುತ್ತಿದ್ದರು.

ಮನೆಯಲ್ಲಿ ಬೇರೆಯೇ ಕಥೆ. ಹೊಸ ಗ್ಲೌಸು ಮೆತ್ತಗಾಗಲು ಎಣ್ಣೆ ತಿಕ್ಕಬೇಕು ಎಂದು ಡೇಲ್ ಹೇಳಿದ್ದ. ಯಾವ ಎಣ್ಣೆ ಎಂದು ಕೇಳುವುದು ಬಿಟ್ಟುಹೋಯಿತು. ನಾನು ಕೊಬ್ಬರಿ ಎಣ್ಣೆ ಹಚ್ಚಿದೆ. ದಿನವೂ ಹಚ್ಚಿದೆ. ನಮ್ಮ ಯಜಮಾನರು ಪ್ರಕಾಶ್ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿರುವವರು, ಮಾತು ಕಡಿಮೆ, ವ್ಯಂಗ್ಯ ಜಾಸ್ತಿ. ಬಾಗಿಲು ತೆರೆದು ಮೂಗೇರಿಸಿ, "ಯಾರಿಗೆ ಅಭ್ಯಂಜನ ಇವತ್ತು?" ಎನ್ನುತ್ತಿದ್ದರು. ಗ್ಲೌಸಿನೊಳಗೆ ಚೆಂಡಿಟ್ಟು ಕಟ್ಟಿ ಹಾಸಿಗೆಯಡಿ ಇಟ್ಟರೆ ಒಳ್ಳೆಯ ಆಕಾರ ಬರುತ್ತದೆ ಎಂದೂ ಡೇಲ್ ಹೇಳಿದ್ದ. ಇಟ್ಟೆ. ನನ್ನ ಕಡೆ ಇಟ್ಟರೆ ನನಗೆ ಒತ್ತುತ್ತದೆ ಎಂದು ಅವರ ಕಡೆ ಇಟ್ಟೆ. ಭಾನುವಾರ ಮಧ್ಯಾಹ್ನ ಮಲಗಿ ಎದ್ದವರು ಎರಡು ದಿನ ಸೊಂಟ ಹಿಡಿದುಕೊಂಡು ಓಡಾಡಿದರು. ಹದಿನಾರು ವರ್ಷದ ಮಗಳು ಮೇಘನಾ ಹಾಸಿಗೆ ಎತ್ತಿ ನೋಡಿ, "ಅಮ್ಮಾ, ದಿಸ್ ಈಸ್ ನಾಟ್ ನಾರ್ಮಲ್," ಎಂದಳು. ಅವಳು ಪಿಟೀಲು ಕಲಿಯಬೇಕು, ಸ್ಕೇಟಿಂಗ್ ಕಲಿಯಬೇಕು ಎಂದು ನಾನು ಬೆನ್ನು ಹತ್ತಿದ್ದ ಕಾಲವೊಂದಿತ್ತು. ಈಗ ಅವಳು ನನಗೆ, "ಮೊದಲು ಹೋಮ್‌ವರ್ಕ್... ಐ ಮೀನ್, ಆಫೀಸ್ ವರ್ಕ್ ಮುಗಿಸು," ಎನ್ನತೊಡಗಿದಳು. ನನಗೆ ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಕಿಟಕಿಯಾಚೆ ಬಿಸಿಲಿಗೆ ನಡುಗುವ ರಸ್ತೆ ನೋಡುತ್ತಾ, ಆಗಸ್ಟ್ ಹೋಯಿತು, ಸೆಪ್ಟೆಂಬರ್ ಅರ್ಧ ಹೋಯಿತು ಎಂದು ಎಣಿಸುತ್ತಿದ್ದೆ. ಮದುವೆ ಗೊತ್ತಾದ ಮೇಲೂ ನಾನು ಹೀಗೆ ದಿನ ಎಣಿಸಿರಲಿಲ್ಲ. ಇದನ್ನು ಪ್ರಕಾಶರ ಮುಂದೆ ಹೇಳಿದ್ದು ತಪ್ಪಾಯಿತು.

ಅಕ್ಟೋಬರ್ ಕೊನೆಗೆ ಬೆಳಗಿನ ಗಾಳಿಯಲ್ಲಿ ಬೆಂಕಿ ಕಡಿಮೆಯಾಯಿತು. ಎರಡು ಸಲ ಹೊರಗಿನ ಮೈದಾನದಲ್ಲಿ ಅಭ್ಯಾಸವೂ ಆಯಿತು. ಪಂದ್ಯಕ್ಕೆ ಒಂಬತ್ತು ದಿನ ಇರುವಾಗ ತಲೆ ಬಾಚಲು ಕೈ ಎತ್ತುತ್ತೇನೆ, ಕೈ ಕಿವಿಯ ಹತ್ತಿರ ನಿಂತುಬಿಟ್ಟಿತು. ಮೇಲೆ ಹೋಗುವುದಿಲ್ಲ! ಸ್ವಲ್ಪ ದಿನದಿಂದ ನೋಯುತ್ತಿತ್ತು, ನಿಜ, ಯಾರಿಗೂ ಹೇಳಿರಲಿಲ್ಲ. ನಮ್ಮ ಬೀದಿಯ ಡಾಕ್ಟರು ಕೈಯನ್ನು ಆಚೆ ಈಚೆ ತಿರುಗಿಸಿ, ನನ್ನನ್ನು ಅಯ್ಯೋ ಅನ್ನಿಸಿ, "ಫ್ರೋಜನ್ ಶೋಲ್ಡರ್," ಎಂದರು. ಆಮೇಲೆ ಪೆನ್ನು ತೆಗೆದು, "ಎಲ್ಲಿ ಕೆಲಸ?" ಎಂದು ಕೇಳಿದರು. "ಫ್ರೋಜನ್ ಫುಡ್," ಎಂದೆ. ಡಾಕ್ಟರು ಬಹಳ ಸಭ್ಯರು, ನಗು ತಡೆದರು. ಪಕ್ಕದಲ್ಲಿದ್ದ ನಮ್ಮ ಯಜಮಾನರು ತಡೆಯಲಿಲ್ಲ.

ನಾನು ಮಾತ್ರ ಮನೆಗೆ ಬಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತೆ. ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ಇಪ್ಪತ್ತಾರು ವರ್ಷದ ಮೇಲೆ ನನಗೇ ಅಂತ ಒಂದು ಆಟ ಸಿಕ್ಕಿತ್ತು. ಯಾರ ತಾಯಿಯಾಗಿಯೂ ಅಲ್ಲ, ಯಾರ ಹೆಂಡತಿಯಾಗಿಯೂ ಅಲ್ಲ, ನನ್ನ ಈ ಒಂದು ಕೈಯಿಂದಾಗಿ. ಅದೇ ಕೈ ಕೈಕೊಟ್ಟಿತ್ತು. ಡೇಲ್‌ಗೆ ಹೇಳಿದಾಗ ಅವನು, "ಗ್ರೇಸ್ ಚೆಂಡು ಎಸೆಯಲಿ. ಆದರೆ ಇಬ್ಬರು ಹೆಂಗಸರಿಲ್ಲದೆ ನಾವು ಆಡುವ ಹಾಗಿಲ್ಲ. ನೀನು ಮೈದಾನದಲ್ಲಿ ನಿಂತರೆ ಸಾಕು. ನಿಲ್ಲುತ್ತೀಯಾ?" ಎಂದ. ನಿಲ್ಲಬೇಡ ಅಂದಿದ್ದರೂ ನಿಲ್ಲುತ್ತಿದ್ದೆ.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಕಂಪನಿ ಬಸ್ಸು ನಮ್ಮನ್ನು ಅಬುಧಾಬಿ ಕಡೆಗೆ, ಬನಿಯಾಸ್ ಹತ್ತಿರದ ಒಂದು ಮೈದಾನಕ್ಕೆ ಕರೆದುಕೊಂಡು ಹೋಯಿತು. ಎದುರಾಳಿಗಳು ಅಲ್ಲಿನ ಗೋದಾಮಿನವರು. ಏನು ಹವೆ, ಏನು ಬೆಳಕು! ಕೋಟಿಲ್ಲದೆ ನಮ್ಮ ತಂಡದವರಿಗೆ ಒಬ್ಬರಿಗೊಬ್ಬರ ಗುರುತೇ ಸಿಗುವಂತಿರಲಿಲ್ಲ. ಪ್ರಕಾಶ್ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ ಹಿಡಿದುಕೊಂಡು ಮಗಳ ಜೊತೆ ಬಂದಿದ್ದರು, ಬಲವಂತಕ್ಕೆ ಬಂದವರ ಮುಖ ಮಾಡಿಕೊಂಡು. ಎರಡನೆಯ ಸುತ್ತಿಗೇ ನೋಡುತ್ತೇನೆ, ಬೇಲಿ ಹಿಡಿದು ನಿಂತು "ಯಲ್ಲಾ! ಯಲ್ಲಾ!" ಎಂದು, ನಡೀರಿ ನಡೀರಿ ಎಂದು, ಅರಬ್ಬಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದಾರೆ. ನನ್ನನ್ನು ಮೈದಾನದ ಬಲಮೂಲೆಯಲ್ಲಿ ನಿಲ್ಲಿಸಿದ್ದರು. ಅಲ್ಲಿಗೆ ಚೆಂಡು ಬರುವುದೇ ಇಲ್ಲ. ಒಂದು ಗೊರವಂಕ ನನ್ನ ಜೊತೆಗಿತ್ತು.

ಕೊನೆಯ ಸುತ್ತು. ಇಬ್ಬರದೂ ಏಳು ರನ್. ಬ್ಯಾಟಿಂಗ್ ನಮ್ಮದು, ಇಬ್ಬರು ಔಟ್, ಇನ್ನೊಬ್ಬರು ಔಟಾದರೆ ನಮ್ಮ ಬ್ಯಾಟಿಂಗ್ ಮುಗಿಯಿತು. ಮೂರು ಬೇಸಿನಲ್ಲೂ ನಮ್ಮವರು ನಿಂತಿದ್ದಾರೆ. ಮೂರನೆಯದರಲ್ಲಿ ಇಸ್ಮಾಯಿಲ್ ಸಾಹೇಬರು. ಸರದಿ ಯಾರದು? ನನ್ನದು! ಡೇಲ್ ನನ್ನ ಎಡಭುಜ ಹಿಡಿದು ಹೇಳಿದ: "ಅವರ ಪಿಚ್ಚರ್ ಸುಸ್ತಾಗಿದ್ದಾನೆ, ಗುರಿ ತಪ್ಪುತ್ತಿದೆ. ನಾಲ್ಕು ಚೆಂಡು ಅಡ್ಡಾದಿಡ್ಡಿ ಬಂದರೆ ನೀನು ಸುಮ್ಮನೆ ನಡೆದು ಮೊದಲ ಬೇಸಿಗೆ ಹೋಗಬಹುದು. ಆಗ ಉಳಿದವರೆಲ್ಲ ಒಂದೊಂದು ಬೇಸ್ ಮುಂದೆ ಸರಿಯುತ್ತಾರೆ, ಇಸ್ಮಾಯಿಲ್ ನೀನು ನಿಂತ ಜಾಗಕ್ಕೆ, ಅಂದರೆ ಮನೆಗೆ, ಬಂದು ಸೇರುತ್ತಾನೆ, ಒಂದು ರನ್ ಆಗಿ ನಾವು ಗೆಲ್ಲುತ್ತೇವೆ. ಅಲ್ಲಾಡಬೇಡ. ಏನೇ ಆದರೂ ಬ್ಯಾಟ್ ಬೀಸಬೇಡ."

ನಿಂತೆ. ಮೊದಲ ಚೆಂಡು ತಲೆಯ ಮೇಲೆ ಹೋಯಿತು. ಎರಡನೆಯದು ನೇರ ಬಂತು, ಅಂಪೈರ್ ಬೆರಳೆತ್ತಿದ. ಹಾಗೆ ಮೂರು ನೇರ ಬಂದರೆ ನಾನು ಔಟ್. ಮೂರನೆಯದು ಕಾಲಬಳಿ, ನಾಲ್ಕನೆಯದು ಮತ್ತೆ ನೇರ, ಐದನೆಯದು ಎತ್ತಲೋ. ಇನ್ನೊಂದೇ ಚೆಂಡು! ನೇರ ಬಂದರೆ ನಾನು ಔಟ್, ಅಡ್ಡ ಹೋದರೆ ಗೆಲುವು. "ಮೇಡಂ, ಅಲ್ಲಾಡ್ಬೇಡಿ ಮಾರಾಯ್ರೇ!" ಎಂದು ಇಸ್ಮಾಯಿಲ್ ಸಾಹೇಬರು ಕೂಗಿದರು. ಚೆಂಡು ಹೊರಟಿತು. ದೊಡ್ಡದಾಗಿ, ಬೆಳ್ಳಗೆ, ನನಗಾಗಿಯೇ ಹೊರಟಂತೆ ಬಂತು. ಇಲ್ಲಿ ನಿಮಗೊಬ್ಬರಿಗೇ ಒಂದು ನಿಜ ಹೇಳುತ್ತೇನೆ. ನಾನು ಬೀಸಿದೆ. ಅಂದರೆ ಮನಸ್ಸು ಪೂರ್ತಿ ಬೀಸಿತು. ಭುಜ ಒಪ್ಪಲಿಲ್ಲ, ಚುಳ್ಳೆಂದು ಹಿಡಿದುಕೊಂಡು ಬ್ಯಾಟನ್ನು ಒಂದಂಗುಲವೂ ಮುಂದೆ ಬಿಡಲಿಲ್ಲ. ನೋವಿಗೆ ಕಣ್ಣು ಮುಚ್ಚಿದೆ. ಕಣ್ಣು ಬಿಡುವಷ್ಟರಲ್ಲಿ ಚೆಂಡು ಕೊನೇ ಗಳಿಗೆಯಲ್ಲಿ ಜಗ್ಗಿ ಮಣ್ಣಿಗೆ ಬಿದ್ದಿತ್ತು, ಅಂಪೈರ್ ಮೊದಲ ಬೇಸಿನ ಕಡೆ ಕೈ ತೋರಿಸುತ್ತಿದ್ದ, ಇಸ್ಮಾಯಿಲ್ ಸಾಹೇಬರು ಎರಡೂ ಕೈ ಮೇಲೆತ್ತಿ ಕುಣಿಯುತ್ತಾ ಮನೆಗೆ ಬರುತ್ತಿದ್ದರು, ಡೇಲ್ ಅಳುತ್ತಿದ್ದ. ನನ್ನ ಸಂಯಮವನ್ನು ಎಲ್ಲರೂ ಹೊಗಳಿದರು. ಅಂಥ ಚೆಂಡನ್ನು ಬಿಡುವ ಧೈರ್ಯ ದೊಡ್ಡ ದೊಡ್ಡ ಆಟಗಾರರಿಗೂ ಇರುವುದಿಲ್ಲವಂತೆ. ನಾನು ತಲೆ ಬಗ್ಗಿಸಿ ವಿನಯದಿಂದ ಕೇಳಿಸಿಕೊಂಡೆ.

ಬಸ್ಸಿನಲ್ಲಿ ವಾಪಸು ಬರುವಾಗಲೇ ಮೈಸೂರಿನಲ್ಲಿರುವ ನನ್ನ ಅಕ್ಕ ನಾಗರತ್ನಳಿಗೆ ಫೋನು ಮಾಡಿದೆ. ಸುಮ್ಮನೆ ನಿಂತು ಗೆದ್ದೆ ಎಂದರೆ ಅವಳಿಗೆ ಆಟ ಅರ್ಥವಾಗಲಿಕ್ಕಿಲ್ಲ ಎಂಬ ಒಂದೇ ಕಾರಣಕ್ಕೆ, ಸ್ವಲ್ಪ ಸುಲಭ ಮಾಡಿ ಹೇಳಿದೆ. ಬ್ಯಾಟ್ ಬೀಸಿದೆ, ಚೆಂಡು ಬೇಲಿ ದಾಟಿ ಖರ್ಜೂರದ ಮರಗಳಾಚೆ ಹೋಯಿತು, ಅದನ್ನು ಇನ್ನೂ ಹುಡುಕುತ್ತಿದ್ದಾರೆ ಎಂದೆ. ಅವಳು ಬಾಯಿ ಬಿಟ್ಟುಕೊಂಡು ಕೇಳಿ ಓಣಿಗೆಲ್ಲ ಹೇಳಿ ಬಂದಳು. ಮನೆಗೆ ಬಂದು ಕೈಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದೇನೆ, ಮೇಘನಾ ಫೋನಿನಿಂದ ತಲೆಯೆತ್ತಿ, "ಅಮ್ಮಾ, ಫುಲ್ ವಿಡಿಯೋ ಫ್ಯಾಮಿಲಿ ಗ್ರೂಪಿಗೆ ಹಾಕಿದೀನಿ," ಎಂದಳು. ಐದು ನಿಮಿಷದಲ್ಲಿ ಅಕ್ಕನ ಫೋನು ಬಂತು.

"ನೋಡಿದೆ ಕಣೇ. ಟೋಪಿ ನಿನಗೆ ಚೆನ್ನಾಗಿ ಒಪ್ಪುತ್ತೆ. ಆದ್ರೆ ಆ ಚೆಂಡು ಖರ್ಜೂರದ ಮರ ದಾಟಿದ್ದು ಎಲ್ಲಿ? ಮೂರು ಸಲ ನೋಡಿದೆ, ನೀನು ಕಣ್ಣು ಮುಚ್ಕೊಂಡು ನಿಂತಿರೋದಷ್ಟೇ ಕಾಣ್ಸುತ್ತೆ."

"ನಿನ್ನ ಫೋನು ಹಳೇದು ಅಕ್ಕ," ಎಂದೆ. "ಅದರಲ್ಲಿ ಅಷ್ಟು ವೇಗ ಕಾಣಿಸೋದಿಲ್ಲ."